ಸೋಮ ಮೇಸ್ತ್ರಿಯ ಬಲಗಿವಿ

ಹೊನ್ನಾವರದ ಪಕ್ಕದ ಕಾಸರಕೋಡ ಬಂದರಿನಲ್ಲಿ ಬೋಟಿನ ಇಂಜಿನ್ ಕೆಟ್ಟರೆ ಜನ ಮೊದಲು ಸೋಮ ಮೇಸ್ತ್ರಿಯನ್ನು ನೆನೆಯುತ್ತಾರೆ, ಆಮೇಲೆ ದೇವರನ್ನು. ಇದು ಸೋಮ ಮೇಸ್ತ್ರಿ ತಾನೇ ಹೇಳಿಕೊಂಡು ತಿರುಗುವ ಮಾತು. ಆದರೂ ಪೂರ್ತಿ ಸುಳ್ಳಲ್ಲ. ನಲವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಹೊಟ್ಟೆ ಬಗೆದ ಮನುಷ್ಯ. ಅವನ ಕಬ್ಬಿಣದ ಪೆಟ್ಟಿಗೆಯಲ್ಲಿ ಪಾನಾ, ಇಕ್ಕಳ, ಸುತ್ತಿಗೆ ಎಲ್ಲ ಇವೆ. ಆದರೆ ಅವನಿಗೆ ಹೆಸರು ತಂದುಕೊಟ್ಟದ್ದು ಒಂದೂವರೆ ಮೊಳದ ಒಂದು ರಬ್ಬರ್ ಪೈಪು. ಪೈಪಿನ ಒಂದು ತುದಿಯನ್ನು ಬಲಗಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೇಲೆ ಅಲ್ಲಿಂದಿಲ್ಲಿಗೆ ಆಡಿಸಿ, ಕಣ್ಣು ಮುಚ್ಚಿ, "ಮೂರನೇ ನಾಜಲ್" ಎಂದನೆಂದರೆ ಮೂರನೇ ನಾಜಲ್ಲೇ ಕೆಟ್ಟಿರಬೇಕು. ಮಂಗಳೂರಿನಿಂದ ಕಂಪ್ಯೂಟರ್ ಹಿಡಿದುಕೊಂಡು ಬಂದ ಕಂಪನಿಯವರೂ ಒಮ್ಮೆ ಅವನ ಪೈಪನ್ನು ಹಿಂದೆಮುಂದೆ ತಿರುಗಿಸಿ ನೋಡಿ ಹೋಗಿದ್ದರು.

ಅಂಥವನ ಬಲಗಿವಿ ಕಳೆದ ಅಕ್ಟೋಬರದಲ್ಲಿ ಮುಚ್ಚಿಕೊಂಡಿತು. ಒಂದು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಬಂದವನು ಕಿವಿಯೊಳಗೆ ನೀರು ನಿಂತಿದೆ ಎಂದು ಒಂಟಿಕಾಲಲ್ಲಿ ಕುಣಿದ. ನೀರು ಬರಲಿಲ್ಲ. ಬೈಕಿನ ಚಾವಿ ಹಾಕಿ ತಿರುವಿದ, ಬೆಂಕಿಕಡ್ಡಿ ಹಾಕಿ ಕೆದಕಿದ. ಹೆಂಡತಿ ಮಾಸ್ತಮ್ಮ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಟ್ಟಳು. ಯಾವುದಕ್ಕೂ ಬಗ್ಗಲಿಲ್ಲ. ಎಡಗಿವಿಯಂತೂ ಮೊದಲಿನಿಂದಲೂ ಮಂದ, ಹತ್ತಿರದಿಂದ ಗಟ್ಟಿಯಾಗಿ ಹೇಳಿದರಷ್ಟೇ ಕೇಳುತ್ತಿತ್ತು. ಇಂಜಿನ್ ಸದ್ದಿನಲ್ಲೇ ಬದುಕಿದವನ ಕಿವಿ ಹೋಗದೆ ಮತ್ತೇನಾಗುತ್ತದೆ, ವಯಸ್ಸಾಯಿತಲ್ಲ ಎಂದು ಊರು ತೀರ್ಪು ಕೊಟ್ಟಿತು. ಊರಿಗೆ ತೀರ್ಪು ಕೊಡಲು ಕಿವಿಯೊಳಗೆ ಬಗ್ಗಿ ನೋಡುವ ಅಗತ್ಯವಿರುವುದಿಲ್ಲ.

ಮಗಳು ಜಯಂತಿ ಬೋಟು ಹತ್ತಿದ್ದು ಆಗಲೇ. ಕುಮಟೆಯಲ್ಲಿ ಐ.ಟಿ.ಐ. ಮುಗಿಸಿ, ಹೊನ್ನಾವರದ ಒಂದು ಫ್ಯಾನು-ಮಿಕ್ಸರ್ ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ದುಡಿದು, ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿದ್ದಳು. ಅಪ್ಪನಿಗೆ ಊಟ ತಂದವಳನ್ನು ಅಪ್ಪನೇ ಒಂದು ದಿನ ಜೆಟ್ಟಿಯಿಂದ ಕರೆದು ಪೈಪು ಕೊಟ್ಟ. ಕೇಳಿದ್ದನ್ನು ಅವಳು ಅವನ ಎಡಗಿವಿಗೆ ಹೇಳಬೇಕು, ಅವನು ಅದಕ್ಕೆ ಹೆಸರು ಕೊಡಬೇಕು. ಆದರೆ 'ಶ್ರೀಗೌರಿ' ಬೋಟಿನ ತಾಂಡೇಲ ಚೌಡ ಅಡ್ಡ ನಿಂತ. ಬೋಟು ನಡೆಸುವವನು ಅವನು, ಮೂವತ್ತು ಜನರ ಜೀವ ಅವನ ಕೈಯಲ್ಲಿ. ಪೂಜೆ ಮಾಡಿ ನೀರಿಗಿಳಿಸಿದ ಬೋಟಿಗೆ ಹೆಂಗಸು ಕಾಲಿಡಬಾರದು ಎಂಬುದು ಅವನ ಅಜ್ಜನ ಕಾಲದಿಂದ ಬಂದ ಕಟ್ಟಳೆ. ಸೋಮ ಮೇಸ್ತ್ರಿ ಜಗಳಕ್ಕೆ ಹೋಗಲಿಲ್ಲ.

"ಹತ್ತೂದು ಅವಳಲ್ಲ ಮಾರಾಯ, ನನ್ನ ಕಿವಿ" ಅಂದ. "ನನ್ನ ಕಿವಿ ಹತ್ಲಿಕ್ಕೆ ಅಡ್ಡಿ ಉಂಟನಾ?"

ಚೌಡ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅವನ ಅಜ್ಜ ಇದಕ್ಕೇನೂ ಹೇಳಿ ಹೋಗಿರಲಿಲ್ಲ. ಹೀಗೆ ಜಯಂತಿ ಬೋಟು ಹತ್ತಿದಳು. ಮೊದಲ ತಿಂಗಳು ಕೇಳಿದ್ದನ್ನು ಅಪ್ಪನಿಗೆ ವರದಿ ಮಾಡಿದಳು, ಎರಡನೇ ತಿಂಗಳು ವರದಿಯ ಜೊತೆ ಕಾರಣವನ್ನೂ ಸೇರಿಸಿದಳು, ಮೂರನೇ ತಿಂಗಳಿಗೆ ಅಪ್ಪ ಬರೀ ತಲೆಯಾಡಿಸುವ ಹಾಗಾಯಿತು. ಟ್ಯಾಪೆಟ್ ಸಡಿಲಾದ ಟಕಟಕ, ಬೆಲ್ಟು ಜಾರುವ ಕಿರುಚು, ಗೇರಿನ ಗೊಣಗು ಎಲ್ಲ ಅವಳಿಗೆ ಒಂದೊಂದು ಮುಖವಿದ್ದಂತೆ ಗುರುತು ಸಿಕ್ಕಿದವು. ಮಾವಳ್ಳಿಯ ಕಡೆಯ ಬೋಟಿನವರೂ ಕರೆಯತೊಡಗಿದರು. ತನಗೆ ಈ ಕೆಲಸ ಬರುತ್ತದೆ, ಚೆನ್ನಾಗಿಯೇ ಬರುತ್ತದೆ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಬೋಟಿಗೆ ಕಾಲಿಡುವ ಹಕ್ಕು ಮಾತ್ರ ಅಪ್ಪನ ಕಿವುಡಿನಿಂದ ಬಂದದ್ದು. ಕಿವಿ ಬಂದ ದಿನ ಹಕ್ಕು ಹೋಗುತ್ತದೆ. ಇದೂ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಅದಕ್ಕೇ ಅವಳೊಂದು ಕಳ್ಳತನ ಮಾಡಿದಳು. ತುಳಸಿ ಪೂಜೆಯ ಮಾರನೇ ದಿನ ಅಪ್ಪ ಅಂಗಳದಲ್ಲಿ ಮಗ್ಗುಲಾಗಿ ಮಲಗಿದ್ದಾಗ ಮೊಬೈಲ್ ಟಾರ್ಚು ಹಾಕಿ ಅವನ ಕಿವಿಯೊಳಗೆ ನೋಡಿದ್ದಳು. ಒಳಗೆ ಕಪ್ಪಗೆ, ಗಟ್ಟಿಯಾಗಿ, ಹುಣಸೆಹಣ್ಣಿನ ಉಂಡೆಯ ಹಾಗೆ ಗುಗ್ಗೆ ಕೂತಿತ್ತು. ಚಾವಿ, ಬೆಂಕಿಕಡ್ಡಿ ಸೇರಿ ಅದನ್ನು ಆಳಕ್ಕೆ ತಳ್ಳಿ ಬಿರಡೆ ಮಾಡಿದ್ದವು. ವಯಸ್ಸೂ ಅಲ್ಲ, ಇಂಜಿನ್ ಸದ್ದೂ ಅಲ್ಲ, ಬರೀ ಗುಗ್ಗೆ. ಅವಳು ಟಾರ್ಚು ಆರಿಸಿ ಒಳಗೆ ಹೋಗಿ ಅಕ್ಕಿ ತೊಳೆದಳು. ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡಳು. ಆ ನಾಳೆಯ ಮೇಲೆ ಎಂಟು ತಿಂಗಳು ಕಳೆಯಿತು. ಕೆಟ್ಟವಳಲ್ಲ ಜಯಂತಿ, ಆದರೆ ತನಗಿಷ್ಟವಾದ ಕೆಲಸ ಕೈಗೆ ಬಂದಾಗ ಮನುಷ್ಯರು ದೇವರಿಗೂ ಲೆಕ್ಕ ತಪ್ಪಿಸುತ್ತಾರೆ.

ಜುಲೈ ತಿಂಗಳು, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಹತ್ತು ದಿನವಿತ್ತು. ಬೋಟುಗಳೆಲ್ಲ ರಿಪೇರಿಗೆ ದಡದಲ್ಲಿದ್ದವು. ಜೆಟ್ಟಿಯ ಮೇಲೆ ಐಸಿನ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಕ್ಲೀನರು ಕೂಗಿದ, ಹಾರನ್ ಆಯಿತು, ನಾಲ್ಕು ಜನ ಕೂಗಿದರು. ಸೋಮ ಮೇಸ್ತ್ರಿ ಲಾರಿಗೆ ಬಲಗಿವಿ ಕೊಟ್ಟು ನಿಂತು ನಿಶ್ಚಿಂತೆಯಿಂದ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಜಯಂತಿ ಓಡಿ ಅವನ ಅಂಗಿ ಹಿಡಿದು ಎಳೆದಳು. ಲಾರಿಯ ಹಿಂದಿನ ಹಲಗೆ ಅವನು ನಿಂತಿದ್ದ ಜಾಗದ ಮೇಲೆ ಹಾದುಹೋಯಿತು. ಕೆಳಗೆ ಬಿದ್ದ ಎಲೆಯನ್ನು ಹುಡುಕುತ್ತಾ ಅಪ್ಪ ಲಾರಿಯವನಿಗೆ ಬೈದ. ಜಯಂತಿ ಮಾತ್ರ ಆ ಹಲಗೆಯನ್ನೇ ನೋಡಿದಳು. ಅಪ್ಪ ಸತ್ತಿದ್ದರೆ ಅವನನ್ನು ಕೊಂದದ್ದು ಲಾರಿಯಲ್ಲ, ತಾನು. ಅವಳು ಅಲ್ಲಿಂದಲೇ ಬಸ್ಸು ಹತ್ತಿ ಸೇತುವೆ ದಾಟಿ ಹೊನ್ನಾವರ ಪೇಟೆಗೆ ಹೋದಳು.

ಮೆಡಿಕಲ್ ಅಂಗಡಿಯ ಸುಚಿತಾ ಅವಳ ಜೊತೆ ಹೈಸ್ಕೂಲಿನಲ್ಲಿ ಓದಿದವಳು. ಗುಗ್ಗೆಯ ವಿಷಯ, ಬೈಕಿನ ಚಾವಿಯಲ್ಲಿ ಕೆದಕಿದ ವಿಷಯ ಕೇಳಿದ ಕೂಡಲೇ ಬಾಟಲಿ ಕೊಡದೆ ಮೊದಲು ಪ್ರಶ್ನೆ ಹಾಕಿದಳು. ಕಿವಿ ನೋಯುತ್ತದೆಯೇ, ಕೀವು ಸೋರುತ್ತದೆಯೇ, ಹಿಂದೆ ಯಾವಾಗಲಾದರೂ ಕಿವಿಯ ತಮಟೆ ಒಡೆದದ್ದಿದೆಯೇ, ಒಳಗೆ ತೂತಿದ್ದರೆ ಈ ಮದ್ದು ಬಿಡಲೇಬಾರದು ಎಂದಳು. ಆಮೇಲೆ ಯಾರಿಗೆಂದು ಕೇಳಿದಳು. ಅಪ್ಪನಿಗೆ ಎಂದದ್ದೇ ಸುಚಿತಾ ಹುಬ್ಬು ಏರಿಸಿದಳು.

"ಸೋಮಣ್ಣಂಗಾ? ಅವ್ರು ಡಿಸೆಂಬರದಲ್ಲೇ ಇದೇ ಹೈಡ್ರೋಜನ್ ಪೆರಾಕ್ಸೈಡ್ ತಕಂಡು ಹೋಗಿದ್ರಲೆ. ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಹಿಂದೆ ತಮಟೆ ಒಡ್ದದ್ದಿಲ್ಲ ಅಂತ ಕೇಳ್ಕಂಡು, ಬರೀ ಗುಗ್ಗೆ ಅಂತ ಚೀಟಿ ಬರ್ದು ಕೊಟ್ಟಿದ್ರು. ಹಾಕ್ಲಿಲ್ವನೇ?"

ಜಯಂತಿ ಗಾಜಿನ ಕೌಂಟರು ಹಿಡಿದು ನಿಂತಳು. ಅಪ್ಪನಿಗೆ ಗೊತ್ತಿತ್ತು. ಡಿಸೆಂಬರದಿಂದ ಗೊತ್ತಿತ್ತು. ಮನೆಯಲ್ಲಿ ಒಂದು ಬಾಟಲಿ ತಂದಿಟ್ಟುಕೊಂಡು ಕಿವುಡನಾಗಿ ಕೂತಿದ್ದ. ತಾನು ಎಂಟು ತಿಂಗಳಿನಿಂದ ಹೊಟ್ಟೆಯಲ್ಲಿಟ್ಟುಕೊಂಡು ಸುಡುತ್ತಿದ್ದ ಗುಟ್ಟು ಅವನ ಅಂಗಿಯ ಜೇಬಿನಲ್ಲೇ ಇತ್ತು. ಅವಳಿಗೆ ಸಿಟ್ಟು ಬಂತು, ಹಗುರವೂ ಆಯಿತು, ಎರಡೂ ಒಟ್ಟಿಗೆ ಬಂದದ್ದರಿಂದ ನಗುವೂ ಬಂತು. ಹಳೆಯ ಬಾಟಲಿ ತೆರೆದಿಟ್ಟಿದ್ದರೆ ಅದರ ಶಕ್ತಿ ಹೋಗಿರುತ್ತದೆ ಎಂದು ಸುಚಿತಾ ಹೊಸದೊಂದು ಕೊಟ್ಟಳು. ಮೂರು ಪರ್ಸೆಂಟಿನದು, ಅದಕ್ಕೆ ಕಾಯಿಸಿ ಆರಿಸಿದ ನೀರನ್ನು ಸಮಪಾಲು ಬೆರೆಸಬೇಕು, ಮಗ್ಗುಲಾಗಿ ಮಲಗಿಸಿ ನಾಲ್ಕೈದು ಹನಿ ಬಿಟ್ಟು ಐದು ನಿಮಿಷ ಬಿಡಬೇಕು, ಆಮೇಲೆ ಕಿವಿ ಬಗ್ಗಿಸಿ ಸೋರಲು ಬಿಡಬೇಕು, ದಿನಕ್ಕೆರಡು ಸಲ, ನಾಲ್ಕೈದು ದಿನ. ನೋವೋ ತಲೆಸುತ್ತೋ ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಮತ್ತೆ ಆ ಬೈಕಿನ ಚಾವಿಯನ್ನು ಬೈಕಿಗೇ ಹಾಕಲು ಹೇಳು ಎಂದಳು.

ಮನೆಗೆ ಬಂದು ಬಾಟಲಿಯನ್ನು ಅಪ್ಪನ ಮುಂದಿಟ್ಟು, ಡಿಸೆಂಬರದ್ದು ಎಲ್ಲಿ ಎಂದು ಎಡಗಿವಿಯಲ್ಲಿ ಕೇಳಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ ಸೋಮ ಮೇಸ್ತ್ರಿ ಬಲಗಿವಿ ಮುಟ್ಟಿಕೊಂಡ. ತಂದದ್ದು ಹೌದು, ಎಲ್ಲಿಟ್ಟೆನೋ ಮರೆತುಹೋಯಿತು ಎಂದ. ಐವತ್ತು ಬಗೆಯ ನಟ್ಟುಗಳಲ್ಲಿ ಯಾವುದು ಯಾವ ಡಬ್ಬಿಯಲ್ಲಿದೆ ಎಂದು ಕತ್ತಲಲ್ಲೂ ಹೇಳುವವನಿಗೆ ಬಾಟಲಿ ಮರೆತಿತ್ತಂತೆ. ಅವಳು ನಂಬಲಿಲ್ಲ, ಆದರೆ ಕೆದಕಲೂ ಇಲ್ಲ. ಕೆದಕಿದರೆ ತನ್ನದೂ ಹೊರಬರುತ್ತದಲ್ಲ. ಗುಗ್ಗೆ ತೆಗೆಯುವುದು ಹೇಗೆಂದು ಮಾತ್ರ ವಿವರಿಸಿದಳು. ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆಯಲ್ಲಿ ಬಡಿಯಬಾರದು, ಡೀಸೆಲ್ ಬಿಟ್ಟು ನೆನೆಯಲು ಬಿಡಬೇಕು, ಅಷ್ಟೇ ತಾನೇ ಎಂದು ಅಪ್ಪ ಎಲ್ಲ ಗೊತ್ತಿದ್ದವನಂತೆ ಅಂದ. ಅಂದಮೇಲೆ ಚಾಪೆಯ ಮೇಲೆ ಮಲಗದೆ ಹಿಂದೆಮುಂದೆ ನೋಡುತ್ತಾ ಸ್ವಲ್ಪ ಹೊತ್ತು ನಿಂತೇ ಇದ್ದ. ಮಾಸ್ತಮ್ಮ ಗದರಿದ ಮೇಲೆ ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿದ.

ಹನಿ ಬಿದ್ದ ಕೂಡಲೇ ಕಿವಿಯಲ್ಲಿ ಬಿಳೀ ನೊರೆ ಎದ್ದಿತು. ಅಪ್ಪ ಬೆಚ್ಚಿ, ತಲೆಯೊಳಗೆ ಯಾರೋ ಸೋಡಾ ಬಾಟಲಿ ಒಡೆದರೆಂದು ಕೂಗಿದ. ತಣ್ಣಗಾಯಿತು, ಕಚಗುಳಿಯಾಯಿತು, ನೋವಿಲ್ಲ ಎಂದು ಒಂದೊಂದೇ ಸುದ್ದಿ ಕೊಟ್ಟು ಕೊನೆಗೆ ಸುಮ್ಮನಾದ. ಮಾಸ್ತಮ್ಮ ಒಲೆಯ ಕಡೆ ಹೋದಳು. ಜಯಂತಿ ಪಕ್ಕದಲ್ಲಿ ಕೂತಿದ್ದಳು. ಒಂದು ಕಿವಿ ದಿಂಬಿನಲ್ಲಿ, ಇನ್ನೊಂದರಲ್ಲಿ ನೊರೆ. ಲೋಕದ ಯಾವ ಸದ್ದೂ ಈಗ ಈ ಮನುಷ್ಯನಿಗೆ ಮುಟ್ಟುವುದಿಲ್ಲ. ಅವಳು ಇದ್ದದ್ದನ್ನೆಲ್ಲ ಹೇಳಿಬಿಟ್ಟಳು. ಟಾರ್ಚು ಹಾಕಿ ನೋಡಿದ್ದು, ಹೇಳದೇ ಉಳಿದದ್ದು, ಬೋಟಿನ ಆಸೆಗೆ ಹೇಳದೇ ಉಳಿದದ್ದು. ಐದು ನಿಮಿಷವಾದ ಮೇಲೆ ಅಪ್ಪ ಎದ್ದು ಕಿವಿ ಬಗ್ಗಿಸಿ ಟವೆಲಿಗೆ ಸೋರಿಸಿಕೊಂಡು, ನೀನು ಬಾಯಿ ಆಡಿಸುತ್ತಿದ್ದಿಯಲ್ಲ, ಎಂತ ಹೇಳಿದ್ದು ಎಂದು ಕೇಳಿದ. ಎಂತದೂ ಇಲ್ಲ ಎಂದಳು. ಅಂದಿನ ಧೈರ್ಯ ಅಷ್ಟೇ ಇತ್ತು.

ನಾಲ್ಕನೇ ದಿನ ಸಂಜೆ ಟವೆಲಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಕಪ್ಪು ಉಂಡೆ ಬಿತ್ತು. ಮೂವರೂ ಬಗ್ಗಿ ನೋಡಿದರು. ಸೋಮ ಮೇಸ್ತ್ರಿ ತಲೆಯೆತ್ತಿ, ಮೊದಲು ಮಾಡಿನ ಮೇಲೆ ಬೀಳುವ ಮಳೆಯನ್ನು ಕೇಳಿದ. ಆಮೇಲೆ ಫ್ಯಾನಿನ ಕಡೆ ನೋಡಿ ಅದರ ಬುಷ್ ಹೋಗಿದೆ, ಇಷ್ಟು ದಿನ ಈ ಮನೆಯಲ್ಲಿ ಯಾರಿಗೂ ಕಿವಿ ಇರಲಿಲ್ಲವೇ ಎಂದು ಗದರಿದ. ಮಾಸ್ತಮ್ಮ ಅಡುಗೆಮನೆಯಲ್ಲಿ ತನ್ನಷ್ಟಕ್ಕೇ ಏನೋ ಗೊಣಗಿದ್ದಕ್ಕೂ ಉತ್ತರ ಕೊಟ್ಟ. ಒಂಬತ್ತು ತಿಂಗಳು ಸ್ವತಂತ್ರವಾಗಿ ಗೊಣಗಿದ್ದ ಮಾಸ್ತಮ್ಮನಿಗೆ ಇದು ಅಷ್ಟೇನೂ ಹಿಡಿಸಲಿಲ್ಲ. ಜಯಂತಿ ನಕ್ಕಳು. ನಿಜವಾಗಿಯೂ ಸಂತೋಷವಾಯಿತು. ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಾಗ ಅಳುವೂ ಬಂತು. ಅದೂ ನಿಜವಾದದ್ದೇ.

ಜುಲೈ ಮೂವತ್ತೊಂದರ ಬೆಳಿಗ್ಗೆ 'ಶ್ರೀಗೌರಿ'ಯ ಇಂಜಿನ್ ನೋಡಬೇಕಿತ್ತು. ಮಾರನೇ ದಿನ ಮೊದಲ ಬೋಟಾಗಿ ಅಳಿವೆ ದಾಟಬೇಕೆಂದು ಚೌಡ ಹಟ ಹಿಡಿದಿದ್ದ. ಶರಾವತಿ ಸಮುದ್ರ ಸೇರುವ ಆ ಬಾಯಲ್ಲಿ ಮಳೆಗಾಲದ ಮರಳು ದಿಬ್ಬವಾಗಿ ನಿಂತಿರುತ್ತದೆ, ಎರಡೂ ಕಡೆಯಿಂದ ಅಲೆ ಬರುತ್ತದೆ. ಅಲ್ಲಿ ಇಂಜಿನ್ ನಿಂತರೆ ಆಮೇಲೆ ದೇವರೂ ಇಲ್ಲ, ಮೇಸ್ತ್ರಿಯೂ ಇಲ್ಲ. ಸೋಮ ಮೇಸ್ತ್ರಿ ಬೋಟು ಹತ್ತುವ ಮುಂಚೆಯೇ ತನ್ನ ಕಿವಿ ತೆರೆದ ಕತೆಯನ್ನು ಇಡೀ ಜೆಟ್ಟಿಗೆ ಹೇಳಿ ಮುಗಿಸಿದ್ದ. ಚೌಡ ಹಲ್ಲು ಕಿರಿದ. ಜಯಂತಿಯ ಕಡೆ ತಿರುಗಿ ಒಳ್ಳೆಯ ಮಾತಿನಲ್ಲೇ ಹೇಳಿದ, "ಇನ್ನು ನೀ ಮಳೇಲಿ ನಿಲ್ಲೂದು ಬೇಡ ಮಗಾ. ಮೇಸ್ತ್ರಿಗೆ ಕಿವಿ ಬಂತಲೆ, ಮನೆಗೆ ಹೋಗು."

ಎಂಟು ತಿಂಗಳು ಇದೇ ಮಾತಿಗೆ ಹೆದರಿದ್ದಳು. ಬಂದಾಗ ಅದು ಇಷ್ಟು ಮೆತ್ತಗೆ ಬರುತ್ತದೆಂದು ಎಣಿಸಿರಲಿಲ್ಲ. ಅವಳು ಮನೆಗೆ ಹೋಗಲಿಲ್ಲ. ಜೆಟ್ಟಿಯ ಅಂಚಿನಲ್ಲೇ ನಿಂತಳು. ಇಂಜಿನ್ ಶುರುವಾಯಿತು. ಅಪ್ಪ ಪೈಪು ಬಲಗಿವಿಗೆ ಇಟ್ಟು, ಕಣ್ಣು ಮುಚ್ಚಿ, ಹತ್ತು ನಿಮಿಷ ಎಲ್ಲ ಮೂಲೆಯನ್ನೂ ಕೇಳಿದ. ಅವನ ಮುಖದಲ್ಲಿ ಹಳೆಯ ಗತ್ತು ಬಂದಿತ್ತು. ಮೇಲೆ ಬಂದು, ಬೆಣ್ಣೆಯ ಹಾಗೆ ಓಡುತ್ತಿದೆ, ನಾಳೆ ಧಾರಾಳ ಹೋಗಬಹುದು ಎಂದ. ಚೌಡನ ಆಳುಗಳು ಬಲೆ ಏರಿಸಲು ಶುರುಮಾಡಿದರು.

ತಾನೂ ಒಮ್ಮೆ ಕೇಳದೆ ಬಿಡಲು ಜಯಂತಿಯ ಮನಸ್ಸು ಒಪ್ಪಲಿಲ್ಲ. ಯಾರನ್ನೂ ಕೇಳದೆ ಹಲಗೆಯ ಮೇಲೆ ನಡೆದು ಬೋಟು ಹತ್ತಿದಳು, ಅಪ್ಪನ ಕೈಯಿಂದ ಪೈಪು ತೆಗೆದುಕೊಂಡಳು, ಕೆಳಗಿಳಿದಳು. ಚೌಡ ಒಂದು ಹೆಜ್ಜೆ ಮುಂದಿಟ್ಟವನು ಮೇಸ್ತ್ರಿಯ ಮುಖ ನೋಡಿ ಹಿಂದೆ ಸರಿದ. ನಾಜಲ್ ಸರಿಯಿತ್ತು, ಟ್ಯಾಪೆಟ್ ಸರಿಯಿತ್ತು, ಗೇರೂ ಸರಿ. ಸಮುದ್ರದ ನೀರೆಳೆದು ಇಂಜಿನ್ನನ್ನು ತಂಪಾಗಿಡುವ ಪಂಪಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಅಲ್ಲಿ ಬಹಳ ಸಣ್ಣದೊಂದು ಸದ್ದಿತ್ತು, ಜೀರುಂಡೆಯ ಹಾಗೆ ಮೇಲುಸ್ವರದ್ದು, ಎಳೆಯಷ್ಟೇ ತೆಳು. ಪೈಪು ತೆಗೆದು ಮತ್ತೆ ಇಟ್ಟಳು. ಇತ್ತು. ಬೇರಿಂಗು ಒಣಗಿ ಉಜ್ಜುತ್ತಿತ್ತು. ಅದರಲ್ಲಿ ಅವಳಿಗೆ ಸಂಶಯವೇ ಬರಲಿಲ್ಲ.

ಸಂಶಯ ಬಂದದ್ದು ಬೇರೆಯದರ ಬಗ್ಗೆ. ಇಷ್ಟು ದಿನ ಅವಳು ಹೇಳಿದ್ದೆಲ್ಲ ಅಪ್ಪನ ಕಿವಿ ಹೇಳಿದ್ದು. ಈಗ ಹೇಳಿದರೆ ಅಪ್ಪನ ಕಿವಿಯ ವಿರುದ್ಧ ಹೇಳಿದಂತೆ, ಅದೂ ಇಡೀ ಬಂದರಿನ ಎದುರು, ಅದು ತೆರೆದುಕೊಂಡ ವಾರದಲ್ಲೇ. ತಪ್ಪಾದರೆ ಮತ್ತೆ ಯಾವ ಬೋಟಿನವನೂ ಅವಳನ್ನು ಹಲಗೆಯ ಮೇಲೂ ನಿಲ್ಲಿಸುವುದಿಲ್ಲ. ಸರಿಯಾದರೆ ಅಪ್ಪನಿಗೇನು ಉಳಿಯುತ್ತದೆ? ಅವಳು ಮೇಲೆ ಬಂದಳು. ನಾಳೆ ಈ ಬೋಟಿನಲ್ಲಿ ಅಳಿವೆ ದಾಟುವ ಮೂವತ್ತು ಜನರಲ್ಲಿ ಅರ್ಧ ಜನ ಅಲ್ಲೇ ಬಲೆ ಎಳೆಯುತ್ತಿದ್ದರು.

"ಪಂಪಿನ ಬೇರಿಂಗು ಹೋಗಿದೆ. ನಾಳೆ ಹೋಗೂದು ಬೇಡ" ಅಂದಳು. "ಅಪ್ಪಂಗೆ ಕೇಳ್ಲಿಲ್ಲ. ನಂಗೆ ಕೇಳ್ತದೆ."

ಬಲೆ ಎಳೆಯುವವರು ನಿಂತರು. ಚೌಡ ಮೇಸ್ತ್ರಿಯನ್ನು ನೋಡಿದ. ಸೋಮ ಮೇಸ್ತ್ರಿ ಪೈಪು ತೆಗೆದುಕೊಂಡು ಕೆಳಗಿಳಿದು, ಪಂಪಿಗೇ ಹಿಡಿದು, ಬಹಳ ಹೊತ್ತು ಕೇಳಿದ. ಮೇಲೆ ಬಂದಾಗ ಅವನ ಮುಖದ ಗತ್ತು ಇಳಿದಿತ್ತು. ನನಗೆ ಅಲ್ಲಿ ಏನೂ ಕೇಳುವುದಿಲ್ಲ, ಇದ್ದದ್ದನ್ನು ಹೇಳಿದ್ದೇನೆ, ಇನ್ನು ತಾಂಡೇಲನಿಗೆ ಬಿಟ್ಟದ್ದು ಎಂದ. ಚೌಡ ಒಮ್ಮೆ ಅಳಿವೆಯ ಕಡೆ ನೋಡಿದ. ದಿಬ್ಬದ ಮೇಲೆ ಅಲೆ ಒಡೆಯುವುದು ಅಲ್ಲಿಂದಲೂ ಕಾಣುತ್ತಿತ್ತು. ಆಮೇಲೆ ತಾನೇ ಹೋಗಿ ಇಂಜಿನ್ ಬಂದ್ ಮಾಡಿದ.

ಪಂಪು ಬಿಚ್ಚಿದ್ದು ಜಯಂತಿ. ಬೇರಿಂಗಿನ ಗುಂಡುಗಳು ನೀಲಿಗಟ್ಟಿ ಸುಟ್ಟಿದ್ದವು, ಎರಡು ಬಿರುಕು ಬಿಟ್ಟಿದ್ದವು. ಚೌಡ ಅದನ್ನು ಅಂಗೈಯಲ್ಲಿ ಹಿಡಿದು ಆಳುಗಳಿಗೆಲ್ಲ ತೋರಿಸಿದ. ಹೊಸದು ತರಲು ಒಬ್ಬನನ್ನು ಹೊನ್ನಾವರಕ್ಕೆ ಓಡಿಸಿದರು. ಅವನು ಬರುವ ತನಕ ಅಪ್ಪ ಮಗಳು ಜೆಟ್ಟಿಯ ಅಂಚಿನಲ್ಲಿ ಕೂತರು. ಜಯಂತಿಗೆ ಗೆದ್ದ ಹಿಗ್ಗಿತ್ತು, ಆದರೆ ಅಪ್ಪನ ಪಕ್ಕದಲ್ಲಿ ಕೂತು ಹಿಗ್ಗಲು ಆಗುತ್ತಿರಲಿಲ್ಲ. ಕೊನೆಗೆ ಅವಳೇ ಬಾಯಿಬಿಟ್ಟಳು. ಗುಗ್ಗೆ ಇರುವುದನ್ನು ನವೆಂಬರದಲ್ಲೇ ನೋಡಿದ್ದೆ, ಬೋಟು ತಪ್ಪಿಹೋಗುತ್ತದೆಂದು ಹೇಳಲಿಲ್ಲ ಎಂದಳು. ಈ ಸಲ ಅಪ್ಪನ ಎರಡೂ ಕಿವಿ ತೆರೆದಿದ್ದವು.

ಅವನು ಸಿಟ್ಟಾಗಲಿಲ್ಲ.

"ನಾ ಬಾಟ್ಲಿ ತಂದ ದಿನವೇ ಮುಚ್ಚಳ ತೆಗ್ದಿದ್ದೆ" ಅಂದ. "ಹಾಕ್ಲಿಕ್ಕೆ ಕೈ ಬರ್ಲಿಲ್ಲ. ಗುಗ್ಗೆ ಇದ್ದಷ್ಟು ದಿನ, ಕೇಳೂದಿಲ್ಲ ಅಂದ್ರೆ ಗುಗ್ಗೆ ಮೇಲೆ ಹಾಕ್ಲಕ್ಕು. ಅದೂ ಹೋಗಿ, ಆಮೇಲೂ ಕೇಳದೇ ಹೋದ್ರೆ ಯಾರ ಮೇಲೆ ಹಾಕೂದು ಮಗಾ? ಫ್ಯಾನು ಕೇಳ್ತದೆ, ನಿನ್ನಮ್ಮ ಕೇಳ್ತಾಳೆ, ಲಾರಿ ಕೇಳ್ತದೆ. ಆ ಸಣ್ಣದು ಮಾತ್ರ ಕೇಳೂದಿಲ್ಲ. ಅದು ಗುಗ್ಗೆ ಬರೂಕ್ಕಿಂತ ಮೊದ್ಲೇ ಹೋಗಿತ್ತು ಕಾಣ್ತದೆ."

ಜಯಂತಿ ಹತ್ತಿರ ಸರಿದಳು. ಅವನ ಕೈ ಹಿಡಿದಳು. ಗ್ರೀಸಿನ ಕೈಗೆ ಗ್ರೀಸಿನ ಕೈ ಜಾರಿತು. ಮತ್ತೆ ಹಿಡಿದಳು. ಇನ್ನೇನು ಮಾಡುವುದು ಎಂದು ಕೇಳಿದಳು.

"ಎಂತ ಮಾಡೂದು. ಕೇಳೂದು ನೀನು, ಬಿಚ್ಚೂದು ನಾನು. ಆತಲ." ಅವನು ಎದ್ದು ಪಂಚೆ ಕೊಡವಿಕೊಂಡ. "ಬೇರಿಂಗು ಬಂತು ನೋಡು, ಬೋಟು ಹತ್ತು."

ಹೊಸ ಬೇರಿಂಗನ್ನು ಅಪ್ಪನೇ ಕೂರಿಸಿದ. ನಲವತ್ತು ವರ್ಷದ ಕೈ, ಒಂದು ಸಲಕ್ಕೇ ಕೂತಿತು. ಚೌಡ ಇಂಜಿನ್ ಶುರುಮಾಡಿ ಮೇಲಿನಿಂದ ಬಗ್ಗಿ ನಿಂತ. ಅವನ ಹಿಂದೆ ಆಳುಗಳು ಬಗ್ಗಿದರು. ಸೋಮ ಮೇಸ್ತ್ರಿ ಪಾನಾ ಕೈಯಲ್ಲಿ ಹಿಡಿದು ಒಂದು ಬದಿಗೆ ಸರಿದು ಮಗಳಿಗೆ ಜಾಗ ಬಿಟ್ಟ. ಅವಳು ಪೈಪು ಕಿವಿಗೆ ಇಟ್ಟು ಕಣ್ಣು ಮುಚ್ಚಿದಳು. ಅವಳು ಹೇಳುವ ತನಕ ಬೋಟಿನ ಮೇಲೆ ಯಾರೂ ಮಾತಾಡಲಿಲ್ಲ.